ಸೋಗೆ, ಬಿದಿರು, ನಾರು: ಮಲೆನಾಡಲ್ಲಿ ಹಂಗಾಮಿಗೆ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬಿದಿರು, ದಬ್ಬೆ (ಅಡಿಕೆ ಮರದ ಉದ್ದ ಸೀಳು), ಸೋಗೆ (ಅಡಿಕೆ ಗರಿ) ಹಾಕಿ ಚಪ್ಪರ, ತಟ್ಟಿ, ಸಣ್ಣಪುಟ್ಟ ಗುಡಿಸಲು ಕಟ್ಟಿಕೊಡುವ ಕೆಲಸ ನಮ್ಮದು. ಫೋನ್ ಮಾಡುವವರೆಲ್ಲ ಸುತ್ತಿ ಬಳಸಿ ಅದೇ ಪ್ರಶ್ನೆ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಅರ್ಧ ಗಂಟೆ ಹೇಳಿ ಗಂಟಲು ಒಣಗಿತು, ಅದಕ್ಕೇ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ. ಸಿಮೆಂಟು ಕೆಟ್ಟದ್ದು ಅನ್ನುವ ವಾದ ಇಲ್ಲಿ ಸಿಗುವುದಿಲ್ಲ. ನಾಲ್ಕು ತಿಂಗಳಿಗೆ ಬೇಕಾದದ್ದನ್ನು ನಲವತ್ತು ವರ್ಷಕ್ಕೆ ಯಾಕೆ ಕಟ್ಟಬೇಕು ಅನ್ನುವುದಷ್ಟೇ ನಮ್ಮ ತಕರಾರು.

ಯೂಟ್ಯೂಬ್‌ನಲ್ಲಿ ವಿಲ್ಲೋ ಕಡ್ಡಿ ನೆಟ್ಟು, ಬಗ್ಗಿಸಿ, ಹೆಣೆದು ಮಂಟಪ ಮಾಡುವುದನ್ನು ನೋಡಿದೆ. ನಮ್ಮ ತೋಟದಲ್ಲಿ ಆಗುತ್ತಾ?

ಆ ವಿಡಿಯೋಗಳಲ್ಲಿ ಇರುವುದು ಚಳಿ ದೇಶದ ವಿಲ್ಲೋ. ಇಂಗ್ಲೆಂಡಿನ ಸಾಮರ್ಸೆಟ್ ಕಡೆ ತಗ್ಗಿನ ಜೌಗು ನೆಲದಲ್ಲಿ ಅದನ್ನು ಬೆಳೆ ಅಂತಲೇ ಬೆಳೆಯುತ್ತಾರೆ. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಬುಡಮಟ್ಟ ಕತ್ತರಿಸುತ್ತಾರೆ, ಬೇಸಿಗೆಗೆ ಅದೇ ಬುಡದಿಂದ ಆಳೆತ್ತರದ ನೆಟ್ಟನೆಯ ಕಡ್ಡಿ ಮತ್ತೆ ಏಳುತ್ತದೆ. ಕಾಶ್ಮೀರದಲ್ಲೂ ಇದೆ. ಅಲ್ಲಿನವರು ಚಳಿಗೆ ಫಿರನ್ ನಿಲುವಂಗಿಯ ಒಳಗೆ ಇಟ್ಟುಕೊಳ್ಳುವ ಕೆಂಡದ ಕಾಂಗ್ರಿ ನೋಡಿದ್ದೀರಲ್ಲ, ಮಣ್ಣಿನ ಕುಡಿಕೆಯ ಸುತ್ತ ಇರುವ ಹೆಣಿಗೆ ವಿಲ್ಲೋ ಕಡ್ಡಿಯದು. ಕ್ರಿಕೆಟ್ ಬ್ಯಾಟಿನ ಮರವೂ ಅದೇ ಕುಲ.

ನಮ್ಮಲ್ಲಿರುವುದು ಅದರ ದಾಯಾದಿ, ನೀರಂಜಿ. ಸಸ್ಯಶಾಸ್ತ್ರದವರು ಸೇಲಿಕ್ಸ್ ಟೆಟ್ರಾಸ್ಪರ್ಮಾ ಅನ್ನುತ್ತಾರೆ. ಹೊಳೆ ದಂಡೆ, ಹಳ್ಳದ ಬದಿ ಬಿಟ್ಟು ಬೇರೆ ಕಡೆ ಅದಕ್ಕೆ ಮನಸ್ಸಿಲ್ಲ. ಎಳೆ ಕೊಂಬೆ ಬುಟ್ಟಿಗೆ ಬರುತ್ತದೆ. ಆದರೆ ದಂಡೆಯ ಮಣ್ಣನ್ನು ಹಿಡಿದು ನಿಲ್ಲಿಸುವ ಮರ ಅದು, ಒಂದು ಮಂಟಪದ ಆಸೆಗೆ ಹೊಳೆ ಬದಿ ಬೋಳಿಸಬೇಡಿ. ಹೊರದೇಶದ ಕಡ್ಡಿ ತರಿಸಿ ನೆಡುವ ಯೋಚನೆಯನ್ನೂ ಬಿಡಿ. ಚಳಿಗೆ ಮಲಗಿ ಏಳುವ ಗಿಡಕ್ಕೆ ನಮ್ಮ ಹವೆಯಲ್ಲಿ ಆ ಲೆಕ್ಕವೇ ಸಿಗುವುದಿಲ್ಲ.

ವಿಲ್ಲೋದವರಿಂದ ಕಲಿಯಬೇಕಾದದ್ದು ಕಡ್ಡಿಯನ್ನಲ್ಲ, ಕತ್ತಿ ಹಿಡಿಯುವ ಕಾಲವನ್ನು. ವರ್ಷಕ್ಕೊಮ್ಮೆ ಕತ್ತರಿಸು, ವರ್ಷಕ್ಕೊಮ್ಮೆ ಕಟ್ಟು, ಹಾಳಾದದ್ದನ್ನು ಮಣ್ಣಿಗೆ ಬಿಡು. ಮಲೆನಾಡಿನ ಹಳಬರು ಇದನ್ನೇ ಮಾಡುತ್ತಿದ್ದರು.

ಹಾಗಾದ್ರೆ ನಮ್ಮ ಕಡೆ ವಿಲ್ಲೋ ಬದಲಿಗೆ ಏನು ಬಳಸಬೇಕು?

ಒಂದೇ ಗಿಡ ಹುಡುಕಬೇಡಿ. ಕೆಲಸಕ್ಕೆ ತಕ್ಕ ಹಾಗೆ ಬೇರೆ ಬೇರೆ ಇದೆ.

ಕಂಬಕ್ಕೆ, ಅಡ್ಡಗಳಕ್ಕೆ ಬಿದಿರು. ಹೆಬ್ಬಿದಿರು ದಪ್ಪ, ಆದರೆ ಮುಳ್ಳು ಜಾಸ್ತಿ, ಒಳಗೆ ಟೊಳ್ಳು. ಕಿರುಬಿದಿರು ಸಣ್ಣ, ಗಟ್ಟಿ. ಮುಳ್ಳಿಲ್ಲದ ಶಮೆ ಬಿದಿರು ಸಿಕ್ಕರೆ ಬಿಡಬೇಡಿ, ಒಳಗೆ ಹೆಚ್ಚುಕಡಿಮೆ ತುಂಬಿಕೊಂಡೇ ಇರುತ್ತದೆ, ತೋಟದ ಬೇಲಿ ಸಾಲಿನಲ್ಲಿ ನೆಟ್ಟುಕೊಳ್ಳಲೂ ಚೆನ್ನ. ಹೆಣಿಗೆಯ ತಟ್ಟಿಗೆ ವಾಟೆ ಬಿದಿರು; ಗೆಣ್ಣು ದೂರ ದೂರ, ಗೋಡೆ ತೆಳು, ಸೀಳಿದರೆ ಚಾಪೆಯಷ್ಟು ಚಪ್ಪಟೆ ಆಗುತ್ತದೆ. ಬೇಲಿ, ಬುಟ್ಟಿ, ಸಣ್ಣ ತಡಿಕೆಗೆ ಲಕ್ಕಿ ಗಿಡದ ಸಣ್ಣ ಕೊಂಬೆ. ವಿಲ್ಲೋ ಕಡ್ಡಿಯ ಗುಣಕ್ಕೆ ಅತಿ ಹತ್ತಿರ ಬರುವುದು ನನ್ನ ಪ್ರಕಾರ ಲಕ್ಕಿಯೇ. ಕಡಿದಷ್ಟೂ ಚಿಗುರುತ್ತದೆ, ಬಳುಕುತ್ತದೆ, ದನ ಕೂಡ ಬಾಯಿ ಹಾಕುವುದಿಲ್ಲ. ಮಾಡಿಗೆ, ಅಂದರೆ ಚಾವಣಿಗೆ, ಅಡಿಕೆ ಸೋಗೆ, ಬ್ಯಾಣದ (ಹುಲ್ಲುಗಾವಲಿನ) ಕರಡ ಹುಲ್ಲು, ಮುಳಿಹುಲ್ಲು. ಕಟ್ಟಲಿಕ್ಕೆ ಬೆತ್ತದ ಸೀಳು, ಕತ್ತದ (ತೆಂಗಿನ ನಾರಿನ) ಹಗ್ಗ, ಬಗನಿ ಮರದ ನಾರು, ಬಾಳೆಬಳ್ಳಿ (ಒಣಗಿದ ಬಾಳೆಪಟ್ಟೆಯ ಸೀಳು).

ಇಷ್ಟರಲ್ಲಿ ಅರ್ಧಕ್ಕರ್ಧ ಅಡಿಕೆ ತೋಟ ಇದ್ದವರ ಮನೆ ಬಾಗಿಲಲ್ಲೇ ಬಿದ್ದಿರುತ್ತದೆ. 9 ಅಡಿಗೆ ಒಂದರಂತೆ ನೆಟ್ಟರೆ ಎಕರೆಗೆ 540ರ ಹತ್ತಿರ ಅಡಿಕೆ ಮರ. ಒಂದು ಮರ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ. ಎರಡೂವರೆ ಸಾವಿರಕ್ಕೂ ಜಾಸ್ತಿ ಸೋಗೆ ಆಯಿತು, ಅದೂ ಒಂದು ಪೈಸೆ ಕೊಡದೆ.

ಯಾವ ತಿಂಗಳಲ್ಲಿ ಏನು ಮಾಡಬೇಕು?

ಇದೊಂದು ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಬಹಳ ಜನ ಫೋನ್ ಮಾಡುವುದು ಮೇ ಕೊನೆಗೆ, 'ಮಳೆ ಬರೋದರೊಳಗೆ ಆಗಬೇಕು' ಅಂತ. ಆಗ ಬಿದಿರು ಹಸಿ, ಸೋಗೆ ಒದ್ದೆ, ಕೆಲಸದವರು ತೋಟದಲ್ಲಿ. ಆಗುವುದಿಲ್ಲ.

ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ನಮ್ಮ ವರ್ಷ ಶುರು. ಬ್ಯಾಣದಲ್ಲಿ ಕರಡ ಬೆಳೆದು ಹಳದಿಗೆ ತಿರುಗಿರುತ್ತದೆ, ನವೆಂಬರ್-ಡಿಸೆಂಬರ್‌ನಲ್ಲಿ ಕೊಯ್ದು ಹೊರೆ ಕಟ್ಟಿ ಒಣ ಜಾಗದಲ್ಲಿ ಒಟ್ಟಬೇಕು. ಅದೇ ಹೊತ್ತಿಗೆ ಅಡಿಕೆ ಕೊಯ್ಲು. ಅಂಗಳದಲ್ಲಿ ಅಡಿಕೆ ಚಪ್ಪರ ಏಳುತ್ತದೆ: ಕೆಳಗೆ ಕಂಬ, ಮೇಲೆ ಸಾಲಾಗಿ ದಬ್ಬೆ, ಅದರ ಮೇಲೆ ಬೇಯಿಸಿದ ಅಡಿಕೆ ಒಣಗಲು ಹರವುತ್ತಾರೆ, ಕೆಳಗಿನ ನೆರಳಲ್ಲಿ ಕೂತು ಸುಲಿಯುತ್ತಾರೆ. ಮಳೆಗೆ ಮೊದಲು ಅಷ್ಟನ್ನೂ ಬಿಚ್ಚಿ ಕೊಟ್ಟಿಗೆ ಅಟ್ಟಕ್ಕೆ ಹಾಕಿದರೆ ಮುಂದಿನ ವರ್ಷ ಅದೇ ದಬ್ಬೆ. ಆರ್ಕಿಟೆಕ್ಟ್‌ಗಳು ಈಗ ಹೊಸದಾಗಿ ಕಂಡುಹಿಡಿದವರ ಹಾಗೆ ಮಾತಾಡುವ 'ಬಿಚ್ಚಿ ಕಟ್ಟುವ ಕಟ್ಟಡ' ಇದೇ ಅಲ್ವಾ?

ಬಿದಿರು ಕಡಿಯುವುದು ನವೆಂಬರ್‌ನಿಂದ ಫೆಬ್ರವರಿ ಒಳಗೆ. ಸೋಗೆ ಆರಿಸಿ ಅಟ್ಟಿ ಹಾಕುವುದು, ಮಾಡು ಹೊದಿಸುವುದು ಮಾರ್ಚ್-ಏಪ್ರಿಲ್. ಏಪ್ರಿಲ್ ಕೊನೆಗೆ ಸಂಜೆ ಗುಡುಗು ಗಾಳಿ ಶುರುವಾಗುತ್ತದೆ, ಆ ಗಾಳಿ ಜೂನಿನ ಮಳೆಗಿಂತ ಅಪಾಯ. ಅದಕ್ಕೆ ಮೊದಲು ಕಟ್ಟು ಬಿಗಿಯಾಗಿರಬೇಕು. ಮೇ ತಿಂಗಳು ಗೋಡೆಗೆ ಸೋಗೆ ತಟ್ಟಿ ಕಟ್ಟಲಿಕ್ಕೆ. ಮಣ್ಣಿನ ಗೋಡೆಗೆ ಪಡುವಣ ಗಾಳಿಯ ಇರಚಲು ಹೊಡೆಯದ ಹಾಗೆ ಹೊರಗಿನಿಂದ ಒಂದು ಸೋಗೆ ಪರದೆ, ದೀಪಾವಳಿ ಹೊತ್ತಿಗೆ ತೆಗೆದು ಗೊಬ್ಬರದ ಗುಂಡಿಗೆ. ಮೃಗಶಿರ ಮಳೆ ಹಿಡಿದ ಮೇಲೆ ಹೊರಗಿನ ಕೆಲಸ ಬಂದ್. ಜಗಲಿಯಲ್ಲಿ ಕೂತು ಹಗ್ಗ ಹೊಸೆಯುವುದು, ತಟ್ಟಿ ಹೆಣೆಯುವುದು.

ಬಿದಿರನ್ನು ಅಮಾವಾಸ್ಯೆಗೇ ಕಡಿಯಬೇಕಂತೆ. ನಿಜವಾ?

ಹಳಬರು ಕತ್ತಲ ಪಕ್ಷದಲ್ಲಿ ಕಡಿಯಿರಿ ಅನ್ನುತ್ತಾರೆ. ನಾವೂ ಆದಷ್ಟು ಹಾಗೇ ಮಾಡುತ್ತೇವೆ, ಹಿರಿಯರ ಜೊತೆ ಜಗಳ ಯಾಕೆ ಅಂತ. ಆದರೆ ತಿಥಿಗಿಂತ ತಿಂಗಳು ಮುಖ್ಯ, ತಿಂಗಳಿಗಿಂತ ಬಿದಿರಿನ ವಯಸ್ಸು ಮುಖ್ಯ. ಹುಳಕ್ಕೆ ಬೇಕಾಗಿರುವುದು ಬಿದಿರಿನ ಒಳಗಿನ ಪಿಷ್ಟ. ಮಳೆಗಾಲದಲ್ಲಿ ಬಿದಿರು ಮೆಳೆಯ ಬುಡದಿಂದ ಕಳಲೆ, ಅಂದರೆ ಎಳೆ ಮೊಳಕೆ, ಏಳುತ್ತದೆ, ಆಗ ಕೈ ಹಾಕಿದರೆ ಮುಂದಿನ ವರ್ಷದ ಬಿದಿರನ್ನೇ ಮುರಿದ ಹಾಗೆ. ಚಳಿಗಾಲದಲ್ಲಿ ಕಡಿದದ್ದು ಬಾಳಿಕೆ ಜಾಸ್ತಿ. ಮೂರು ನಾಲ್ಕು ವರ್ಷ ಬಲಿತ ಗಳವನ್ನೇ ಆರಿಸಿ. ಎಳೆಯದು ನಯವಾಗಿ ಹಸಿರಾಗಿ ಹೊಳೆಯುತ್ತದೆ, ಗೆಣ್ಣಿನ ಹತ್ತಿರ ಒಣ ಪೊರೆ ಅಂಟಿಕೊಂಡಿರುತ್ತದೆ. ಬಲಿತದ್ದು ಮಾಸಲು, ಮೇಲೆ ಬಿಳಿ ಪಾಚಿ ಮಚ್ಚೆ ಇರುತ್ತದೆ, ಕತ್ತಿಯ ಹಿಂಬದಿಯಲ್ಲಿ ಬಡಿದರೆ ಠಣ್ ಅನ್ನುತ್ತದೆ.

ಬುಡದ ಮೊದಲ ಒಂದೆರಡು ಗೆಣ್ಣು ಬಿಟ್ಟು, ಗೆಣ್ಣಿನ ಸ್ವಲ್ಪ ಮೇಲೆ ಕಡಿಯಿರಿ. ಗೆಣ್ಣಿನಿಂದ ತೀರಾ ಮೇಲೆ ಕಡಿದರೆ ಉಳಿದ ಕೊಳವೆಯಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ, ಸೊಳ್ಳೆಗೂ ಅದೇ ತೊಟ್ಟಿಲು.

ಮೆಳೆಗೆ ಮೆಳೆಯೇ ಹೂ ಬಿಟ್ಟಿದೆ. ಅದನ್ನು ಬಳಸಬಹುದಾ?

ಹೆಬ್ಬಿದಿರು ಸುಮಾರು ನಲವತ್ತು ನಲವತ್ತೈದು ವರ್ಷಕ್ಕೊಮ್ಮೆ ಒಟ್ಟಿಗೇ ಹೂ ಬಿಟ್ಟು, ಅಕ್ಕಿ ಉದುರಿಸಿ, ಸಾಯುತ್ತದೆ. ಸತ್ತು ಒಣಗಿ ನಿಂತದ್ದು ಹಗುರ, ಬೇಗ ಸೀಳುತ್ತದೆ. ಬೇಲಿಗೆ ಸರಿ. ಜನ ಕೆಳಗೆ ಕೂರುವ ಚಪ್ಪರದ ಕಂಬಕ್ಕೆ ಬೇಡ.

ಕುಟ್ಟೆ ಹಿಡಿಯದ ಹಾಗೆ ಏನು ಮಾಡೋದು?

ಬಿದಿರಿನ ಕೆಳಗೆ ಬೆಳಗ್ಗೆ ಗೋಧಿಹಿಟ್ಟಿನಷ್ಟು ನುಣ್ಣಗಿನ ಹುಡಿ ಬಿದ್ದಿದ್ದರೆ ಕುಟ್ಟೆ ಹುಳ ಒಳಗೆ ಸೇರಿದೆ ಅಂತ ಅರ್ಥ. ಆಮೇಲೆ ಎಣ್ಣೆ ಹಚ್ಚಿ ಪ್ರಯೋಜನ ಇಲ್ಲ.

ದುಡ್ಡಿಲ್ಲದ ದಾರಿ ಎಂದರೆ ನೀರಿಗೆ ಹಾಕುವುದು. ಹರಿಯುವ ಹಳ್ಳದಲ್ಲಿ, ಕೆರೆಯಲ್ಲಿ ಗಳಗಳನ್ನು ಕಲ್ಲು ಹೇರಿ ಪೂರ್ತಿ ಮುಳುಗಿಸಿ ಮೂರು ನಾಲ್ಕು ವಾರ ಬಿಡಿ. ಪಿಷ್ಟ ಕರಗಿ ಹೋಗುತ್ತದೆ. ತೆಗೆಯುವಾಗ ವಾಸನೆ ಮೂಗು ಹಿಡಿಸುತ್ತದೆ, ಅದಕ್ಕೆ ಹೆದರಬೇಡಿ. ಆಮೇಲೆ ಬಿಸಿಲಿಗಲ್ಲ, ನೆರಳಿಗೆ ಹಾಕಿ, ನಿಲ್ಲಿಸಿ ಒಣಗಿಸಿ. ಎರಡನೆಯದು ಬೊರಾಕ್ಸ್ ಮತ್ತು ಬೋರಿಕ್ ಆಸಿಡ್. ಎರಡೂ ಸೇರಿ ನೂರು ಲೀಟರ್ ನೀರಿಗೆ 5 ಕೆ.ಜಿ. ಆಸುಪಾಸು, ಬೊರಾಕ್ಸ್ ಸ್ವಲ್ಪ ಜಾಸ್ತಿ. ಒಳಗಿನ ಗೆಣ್ಣುಗಳನ್ನು ಉದ್ದ ಸರಳಿನಿಂದ ಚುಚ್ಚಿ ತೂತು ಮಾಡಿ ಮುಳುಗಿಸಬೇಕು, ಇಲ್ಲದಿದ್ದರೆ ದ್ರಾವಣ ಒಳಗೇ ಹೋಗುವುದಿಲ್ಲ. ಮಳೆ ನೇರವಾಗಿ ಬೀಳುವ ಕಡೆ ಇದು ತೊಳೆದು ಹೋಗುತ್ತದೆ, ಮಾಡಿನ ಕೆಳಗಿನ ಗಳಕ್ಕೆ ಮಾತ್ರ ಸಾರ್ಥಕ.

ಮೂರನೆಯದು ಹೊಗೆ. ಹಳೆ ಮನೆಗಳ ಅಡುಗೆಮನೆ ಅಟ್ಟದ ಬಿದಿರು ಕರ್ರಗೆ ಕಬ್ಬಿಣದ ಬಣ್ಣಕ್ಕೆ ತಿರುಗಿ ಇನ್ನೂ ಗಟ್ಟಿ ಇರುತ್ತದೆ. ಗ್ಯಾಸ್ ಬಂದ ಮೇಲೆ ಆ ಭಾಗ್ಯ ಹೋಯಿತು. ಬಚ್ಚಲ ಒಲೆ ಮೇಲೆ ಅಟ್ಟ ಇದ್ದರೆ ಒಂದು ಮಳೆಗಾಲ ಗಳಗಳನ್ನು ಅಲ್ಲಿ ಇಟ್ಟು ನೋಡಿ.

ಕಂಬದ ಬುಡಕ್ಕೆ ಗೇರೆಣ್ಣೆ ಹಚ್ಚುವುದು ಒಳ್ಳೆಯದೇ. ಕೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಮಕ್ಕಳನ್ನು ದೂರ ಇಡಿ.

ಅಡಿಕೆ ದಬ್ಬೆ ಎಷ್ಟು ವರ್ಷ ಬಾಳುತ್ತದೆ?

ಮರ ಎಷ್ಟು ಹಳೆಯದು, ಎಲ್ಲಿ ಇಟ್ಟಿದ್ದೀರಿ, ಈ ಎರಡರ ಮೇಲೆ. ಅಡಿಕೆ ಮರದ ಶಕ್ತಿಯೆಲ್ಲ ಹೊರಗಿನ ಒಂದು ಇಂಚಿನಲ್ಲಿ. ಒಳಗಿನದು ಬರೀ ಮೆತ್ತನೆ ತಿರುಳು. ಹಳೆಯ ಎತ್ತರದ ಮರದಲ್ಲಿ ಹೊರಭಾಗ ದಪ್ಪ, ಕಪ್ಪು ನಾರು ಒತ್ತೊತ್ತಾಗಿ ಇರುತ್ತದೆ. ಸಸಿ ತೋಟದ ಮರ ಸೀಳಿದರೆ ಕೈಗೆ ಬರುವುದು ತಿರುಳು ಮಾತ್ರ.

ಸೀಳುವ ರೀತಿ ಹೀಗೆ. ಮರ ಬಿದ್ದ ಕೂಡಲೇ, ಹಸಿ ಇರುವಾಗ, ತುದಿಯಲ್ಲಿ ಕತ್ತಿಯಿಂದ ಅಡ್ಡ ಗುರುತು ಹಾಕಿ ಮರದ ಬೆಣೆ ಹೊಡೆಯುತ್ತಾರೆ. ಬೆಣೆ ಮುಂದೆ ಹೋದ ಹಾಗೆ ಚಿರ್ರ್ ಅಂತ ಸೀಳು ಓಡುತ್ತದೆ. ಓಡುವಾಗ ಒಂದು ಬದಿಗೆ ವಾಲಿದರೆ ದಪ್ಪ ಇರುವ ಬದಿಯನ್ನು ಕಾಲಿನಲ್ಲಿ ತುಳಿದು ಒತ್ತಬೇಕು, ಸೀಳು ಮತ್ತೆ ನಡುವಿಗೆ ಬರುತ್ತದೆ. ಇದು ಹೇಳಿ ಬರುವುದಲ್ಲ, ಬಲ್ಲವರ ಕಾಲು ನೋಡಿ ಕಲಿಯಬೇಕು. ಆಮೇಲೆ ತಿರುಳನ್ನು ಪೂರ್ತಿ ಹೆರೆದು ತೆಗೆಯಿರಿ. ತಿರುಳು ಉಳಿದರೆ ನೀರು ಹೀರುತ್ತದೆ, ಗೆದ್ದಲು ಅಲ್ಲಿಂದಲೇ ಶುರು. ದಬ್ಬೆಯ ಅಂಚು ಬ್ಲೇಡಿನಷ್ಟು ಹರಿತ, ಸಿಬಿರು ಹೊಕ್ಕರೆ ಕೀವು ಗ್ಯಾರಂಟಿ. ಅಂಚು ಕೆತ್ತದೆ ಯಾರ ಕೈಗೂ ಕೊಡಬೇಡಿ.

ಒಣಗಿ ಮಾಡಿನ ಕೆಳಗೆ ಇದ್ದರೆ ಒಂದು ತಲೆಮಾರು ಬರುತ್ತದೆ. ಮಣ್ಣಿಗೆ ಊರಿದರೆ ಒಂದೆರಡು ಮಳೆಗಾಲಕ್ಕೆ ಮುಗಿಯಿತು.

ಮೊಳೆ ಹೊಡೆದರೆ ಸಾಕಲ್ವಾ? ಕಟ್ಟುತ್ತಾ ಕೂರೋಕೆ ಟೈಮ್ ಇಲ್ಲ.

ಬಿದಿರಿಗೆ ಮೊಳೆ ಹೊಡೆದರೆ ಸೀಳುತ್ತದೆ. ಇವತ್ತು ಸೀಳದಿದ್ದರೆ ಒಣಗಿದ ಮೇಲೆ ಸೀಳುತ್ತದೆ. ಅದೂ ಅಲ್ಲದೆ ಗಾಳಿಗೆ ಚಪ್ಪರ ಸ್ವಲ್ಪ ಆಡಬೇಕು, ಕಟ್ಟು ಆಡಲು ಬಿಡುತ್ತದೆ, ಮೊಳೆ ಬಿಡುವುದಿಲ್ಲ, ಕಿತ್ತು ಬರುತ್ತದೆ.

ಕಟ್ಟುವುದರಲ್ಲಿ ನಾಲ್ಕು ಸಂಗತಿ ಗಮನಿಸಿ. ಕಟ್ಟು ಯಾವಾಗಲೂ ಗೆಣ್ಣಿನ ಪಕ್ಕ ಬರಲಿ, ನಡು ಕೊಳವೆ ಮೇಲೆ ಬೇಡ; ಭಾರ ಬಿದ್ದರೆ ನಡು ಅಪ್ಪಚ್ಚಿ ಆಗುತ್ತದೆ. ಬೆತ್ತದ ಸೀಳನ್ನು ಹಿಂದಿನ ರಾತ್ರಿ ನೀರಲ್ಲಿ ನೆನೆಸಿ, ಬಳುಕುವಾಗಲೇ ಕಟ್ಟಿ, ಒಣಗಿದ ಮೇಲೆ ಅದು ಆಕಾರ ಬಿಡುವುದಿಲ್ಲ. ಮೊದಲು ಎರಡು ಗಳದ ಸುತ್ತ ಅಡ್ಡಡ್ಡ ಮೂರು ನಾಲ್ಕು ಸುತ್ತು, ಆಮೇಲೆ ಎರಡು ಗಳಗಳ ನಡುವೆ ನುಗ್ಗಿಸಿ ಆ ಸುತ್ತುಗಳನ್ನೇ ಹಿಂಡುವ ಹಾಗೆ ಎರಡು ಸುತ್ತು. ಬಿಗಿ ಬರುವುದು ಈ ಎರಡನೆಯದರಿಂದ, ಜನ ಬಿಡುವುದೂ ಇದನ್ನೇ. ಕೊನೆಗೆ, ಹಸಿ ಬಿದಿರು ಒಣಗುತ್ತಾ ಕುಗ್ಗುತ್ತದೆ, ಎಂಥಾ ಕಟ್ಟೂ ಸಡಿಲ ಆಗುತ್ತದೆ. ಒಂದೆರಡು ತಿಂಗಳ ಮೇಲೆ ಹತ್ತಿ ನೋಡಿ, ಸಡಿಲ ಕಂಡ ಕಡೆ ಸಣ್ಣ ಬಿದಿರು ಬೆಣೆ ಚುಚ್ಚಿ ಬಡಿಯಿರಿ. ಬಿಚ್ಚಿ ಕಟ್ಟುವ ಕೆಲಸ ತಪ್ಪುತ್ತದೆ.

ಬಾಳೆಬಳ್ಳಿ ಒಂದು ಹಂಗಾಮಿಗೆ ಮಾತ್ರ. ವೀಳ್ಯದೆಲೆ ಬಳ್ಳಿ ಕಟ್ಟಲು, ಸೋಗೆ ಸಿಕ್ಕಿಸಲು ಸಾಕು. ಮದುವೆ ಚಪ್ಪರಕ್ಕೂ ಸಾಕು, ಮೂರು ದಿನದ್ದು ತಾನೇ. ಪ್ಲಾಸ್ಟಿಕ್ ದಾರ ಮಾತ್ರ ದಯವಿಟ್ಟು ಬೇಡ. ಸೋಗೆ ಕೊಳೆತು ಗೊಬ್ಬರ ಆಗುತ್ತದೆ, ಅದರೊಳಗಿನ ನೀಲಿ ದಾರ ನಿಮ್ಮ ಮೊಮ್ಮಕ್ಕಳ ಗುದ್ದಲಿಗೆ ಸಿಗುತ್ತದೆ.

ಸೋಗೆ ಮಾಡು ಆಗುಂಬೆ ಮಳೆ ತಡೆಯುತ್ತಾ?

ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7000 ಮಿ.ಮೀ. ದಾಟಿದರೂ ಯಾರೂ ಹುಬ್ಬೇರಿಸುವುದಿಲ್ಲ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಒಂದೇ ಜಿಲ್ಲೆ ಅಂತ ಒಂದೇ ಅಳತೆ ಹಿಡಿದರೆ ಕೆಟ್ಟಿರಿ.

ಸೋಗೆ ನೀರನ್ನು ತಡೆಯುವುದಿಲ್ಲ, ಜಾರಿಸುತ್ತದೆ. ಒಂದು ಗರಿಯಿಂದ ಕೆಳಗಿನ ಗರಿಗೆ, ಅಲ್ಲಿಂದ ಅದರ ಕೆಳಗಿನದಕ್ಕೆ, ಒಳಗೆ ಇಳಿಯುವ ಮೊದಲೇ ಸೂರಿಗೆ ತಲುಪಬೇಕು. ಅದಕ್ಕೇ ಇಳಿಜಾರು ಮುಖ್ಯ. 10 ಅಡಿ ಅಗಲದ ಗುಡಿಸಲಾದರೆ ಸೂರಿಗಿಂತ ನೆತ್ತಿ 5 ಅಡಿಯಾದರೂ ಮೇಲಿರಲಿ, ಘಟ್ಟದ ಅಂಚಿನವರು ಇನ್ನೂ ಒಂದಡಿ ಜಾಸ್ತಿ ಹಿಡಿಯಿರಿ. ಹೊದಿಸುವುದು ಕೆಳಗಿನಿಂದ ಮೇಲಕ್ಕೆ. ಗರಿಯ ತುದಿ ಕೆಳಗೆ, ಬುಡ ಮೇಲೆ. ಪ್ರತಿ ಸಾಲೂ ಕೆಳಗಿನ ಸಾಲಿನ ಮೂರರಲ್ಲಿ ಎರಡು ಪಾಲು ಮುಚ್ಚಬೇಕು. ಸೋಗೆ ಉಳಿಸಲು ಹೋಗಿ ಅರ್ಧ ಮುಚ್ಚಿದರೆ ಆರಿದ್ರಾ ಮಳೆಗೆ ಒಳಗೆ ಕೊಡೆ ಹಿಡಿದು ಕೂರಬೇಕು. ನೆತ್ತಿಯೇ ದುರ್ಬಲ ಜಾಗ, ಅಲ್ಲಿ ಅಗಲದ ಅಡಿಕೆ ಹಾಳೆಗಳನ್ನು ಕವುಚಿ, ಮೇಲೆ ಕರಡದ ದಪ್ಪ ಸಿವುಡು ಕೂರಿಸಿ ಎರಡೂ ಬದಿಯಿಂದ ಗಳ ಹಾಕಿ ಬಿಗಿಯಬೇಕು.

ಘಟ್ಟದ ಅಂಚಿನಲ್ಲಿ ಸೋಗೆ ಮಾಡನ್ನು ವರ್ಷವರ್ಷ ಹೊದಿಸಬೇಕು. ಮಳೆ ಕಡಿಮೆ ಇರುವ ಕಡೆ ಎರಡು ವರ್ಷ ತಳ್ಳಬಹುದು.

ಅಂದ ಹಾಗೆ, ಅಡಿಕೆ ಗೊನೆಗೆ ಕೊಳೆ ರೋಗ ಬರಬಾರದು ಅಂತ ಹಾಳೆಯದ್ದೋ ಕರಡದ್ದೋ ಕೊಟ್ಟೆ ಕಟ್ಟುತ್ತಿದ್ದರಲ್ಲ, ಅದೂ ಇದೇ ವಿದ್ಯೆ. ಇಷ್ಟೆತ್ತರದ ಮರದ ಮೇಲೆ, ಒಂದೊಂದು ಗೊನೆಗೂ ಒಂದೊಂದು ಮಾಡು, ಬರೀ ಒಂದು ಮಳೆಗಾಲಕ್ಕೆ! ಕೊಳೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಬಂದ ಮೇಲೆ ಕಮ್ಮಿಯಾಯಿತು, ಈಗ ಕಟ್ಟುವವರೂ ಪ್ಲಾಸ್ಟಿಕ್ ಕೊಟ್ಟೆ ಹಾಕುತ್ತಾರೆ.

ಸೋಗೆ ಮೇಲೆ ಟಾರ್ಪಾಲು ಹಾಕಿದರೆ?

ಮೇಲೆ ಹಾಕಿದರೆ ಕೆಳಗೆ ಬೆವರು ನಿಂತು ಸೋಗೆ ಬೂಸ್ಟು ಹಿಡಿಯುತ್ತದೆ. ಹಾಕಲೇಬೇಕಾದರೆ ಟಾರ್ಪಾಲು ಕೆಳಗೆ, ಸೋಗೆ ಮೇಲೆ, ನಡುವೆ ದಬ್ಬೆ ಇಟ್ಟು ಗಾಳಿಯಾಡಲು ನಾಲ್ಕು ಬೆರಳು ಜಾಗ.

ಬೆಂಕಿ ಭಯ?

ಭಯ ಇರಬೇಕು. ಊರಿನ ಹಳೆ ಸೋಗೆ ಮನೆಗಳು ಹೆಂಚಿಗೆ ತಿರುಗಲು ಬೆಂಕಿಯ ಭಯವೂ ಒಂದು ಕಾರಣ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಿಧಾನಕ್ಕೆ ಘಟ್ಟದ ಮೇಲೂ ಹೆಂಚು ಬಂತು, ಬಂದದ್ದು ಒಳ್ಳೆಯದೇ ಆಯಿತು.

ಸೋಗೆ ಮಾಡಿನ ಕೆಳಗೆ ಒಲೆ ಬೇಡ. ವೈರು ಎಳೆಯುವುದಾದರೆ ಪೈಪಿನೊಳಗೆ, ಜೋಡಣೆ ಒಂದೂ ಬಯಲಲ್ಲಿ ಇರಬಾರದು. ಮದುವೆ ಚಪ್ಪರಕ್ಕೆ ಸೀರಿಯಲ್ ಸೆಟ್ ಸುತ್ತುವವರು ಹಳೆ ಬಿಸಿ ಬಲ್ಬು ಬಿಟ್ಟು ಎಲ್‌ಇಡಿ ಹಾಕಿಸಿ. ಮುಖ್ಯ ಮನೆಯಿಂದ ದೂರ ಇರಲಿ. ಕೈಗೆ ಸಿಗುವ ಹಾಗೆ ತುದಿಗೆ ಕತ್ತಿ ಕಟ್ಟಿದ ಒಂದು ದೋಟಿ ಸದಾ ಇಟ್ಟಿರಿ. ಸೋಗೆಗೆ ಕಿಡಿ ಹತ್ತಿದರೆ ಮೊದಲ ಕೆಲಸ ನೀರು ತರುವುದಲ್ಲ, ಹತ್ತಿದ ಭಾಗವನ್ನು ಕೆಳಗೆ ಎಳೆದು ಹಾಕುವುದು.

ಇಲಿ, ಹಾವು, ಗೆದ್ದಲು?

ಇಲಿ ಬಂದರೆ ಹಾವು ಬರುತ್ತದೆ, ಅಷ್ಟೇ ಸಂಬಂಧ. ಸೋಗೆ ಮಾಡಿನ ಕೆಳಗೆ ಬತ್ತ, ಹಿಂಡಿ, ಬಾಳೆಗೊನೆ ಇಡಬೇಡಿ. ಗೆದ್ದಲಿಗೆ ಔಷಧಿ ಹುಡುಕುವ ಮೊದಲು ಕಂಬವನ್ನು ಮಣ್ಣಿನಿಂದ ಮೇಲೆತ್ತಿ, ಜಂಬಿಟ್ಟಿಗೆ ಕಲ್ಲಿನ ಮೇಲೆ ಕೂರಿಸಿ. ಒಂದೇ ಹಂಗಾಮಿನ ಚಪ್ಪರವಾದರೆ ಹೂಳಿದರೂ ನಡೆಯುತ್ತದೆ. ಕಲ್ಲಿನ ಮೇಲೆ ಕೂರಿಸಿದಾಗ ಗಾಳಿಗೆ ಎತ್ತಿಕೊಂಡು ಹೋಗದ ಹಾಗೆ ಮೂಲೆಗಳಿಗೆ ಓರೆ ಗಳ ಕೊಟ್ಟು, ಹಗ್ಗ ಎಳೆದು ಗೂಟಕ್ಕೆ ಕಟ್ಟಲೇಬೇಕು.

ಗಿಡ ಕಡಿಯದೆ, ಬೆಳೆಯುತ್ತಿರುವಾಗಲೇ ಬಗ್ಗಿಸಿ ಕಟ್ಟಡ ಮಾಡಬಹುದಾ?

ಮಾಡಿದವರಿದ್ದಾರೆ. ಜರ್ಮನಿಯ ಔಅರ್‌ಸ್ಟೆಟ್ ಅನ್ನುವ ಊರಲ್ಲಿ 1998ರಲ್ಲಿ ಮಾರ್ಸೆಲ್ ಕಾಲ್ಬೆರರ್ ಅನ್ನುವವರ ಬಳಗ ವಿಲ್ಲೋ ಕಡ್ಡಿಗಳ ಕಟ್ಟುಗಳನ್ನು ನೆಟ್ಟು ಕಮಾನು ಬಗ್ಗಿಸಿ ದೊಡ್ಡ ಗುಮ್ಮಟವನ್ನೇ ಮಾಡಿತು. ನೆಟ್ಟ ಕಡ್ಡಿ ಬೇರು ಬಿಟ್ಟು ಚಿಗುರಿತು. ವಿಲ್ಲೋದ ಗುಣವೇ ಅದು, ಹಸಿ ಕಡ್ಡಿ ಒದ್ದೆ ಮಣ್ಣಿಗೆ ಚುಚ್ಚಿದರೆ ಸಾಕು. ನಮ್ಮ ದೇಶದಲ್ಲೇ ಮೇಘಾಲಯದ ಖಾಸಿ, ಜೈಂತಿಯಾ ಜನ ರಬ್ಬರ್ ಅಂಜೂರದ ಬೇರುಗಳನ್ನು ಹಳ್ಳದ ಆಚೆಗೆ ಹಾಯಿಸಿ ಸೇತುವೆ ಬೆಳೆಸುತ್ತಾರೆ. ಅದು ನಡೆದಾಡುವಷ್ಟು ಗಟ್ಟಿಯಾಗಲು ಹತ್ತಾರು ವರ್ಷ ಬೇಕು.

ನಮ್ಮ ಕಡೆ ಬೇಲಿ ಗೂಟ ಚಿಗುರುವುದು ಯಾರಿಗೆ ಹೊಸತು? ಗ್ಲಿರಿಸಿಡಿಯಾ, ಹಾಲವಾಣ, ಅಮಟೆ, ನುಗ್ಗೆ ಎಲ್ಲವೂ ಗೂಟ ಊರಿದರೆ ಬದುಕುತ್ತವೆ. ಇವುಗಳಲ್ಲಿ ಬಗ್ಗಿಸಲು ಬರುವುದು ಗ್ಲಿರಿಸಿಡಿಯಾ. ಹೆಬ್ಬೆರಳು ದಪ್ಪದ, 7-8 ಅಡಿ ಉದ್ದದ ಗೂಟಗಳನ್ನು ಮೇ ಕೊನೆಗೆ ಒಂದಡಿ ಆಳಕ್ಕೆ, ಅಡಿಗೆ ಒಂದರಂತೆ ವೃತ್ತದಲ್ಲಿ ಊರಿ. ಮೊದಲ ವರ್ಷ ಬಗ್ಗಿಸಲು ಹೋಗಬೇಡಿ, ಬೇರು ಹಿಡಿಯಲಿ. ಎರಡನೇ ವರ್ಷ ಹೊಸ ಚಿಗುರನ್ನು ಮಾತ್ರ ಎದುರುಬದುರಾಗಿ ಬಗ್ಗಿಸಿ ಬಾಳೆಬಳ್ಳಿಯಲ್ಲಿ ಸಡಿಲವಾಗಿ ಕಟ್ಟಿ. ಬಿಗಿದರೆ ತೊಗಟೆಯೊಳಗೆ ಹೂತು ಕೊಂಬೆ ಒಣಗುತ್ತದೆ. ಕತ್ತರಿಸಿದ ಸೊಪ್ಪು ತೋಟಕ್ಕೆ. ಮಕ್ಕಳು ಆಡುವ ಗೂಡಿಗೆ, ಶಾಲೆ ಅಂಗಳದ ನೆರಳಿಗೆ ಚೆನ್ನಾಗಿರುತ್ತದೆ. ಮಳೆ ತಡೆಯುವುದಿಲ್ಲ, ಅದನ್ನು ಕೇಳಬೇಡಿ. ಅದರ ತೊಗಟೆ, ಬೀಜ ವಿಷ, ಮಕ್ಕಳಿಗೆ ಬಾಯಿಗೆ ಹಾಕಬೇಡಿ ಅಂತ ಹೇಳಿಡಿ.

ಬಿದಿರು, ಬೆತ್ತ ಕಡಿಯಲು ಪರ್ಮಿಷನ್ ಬೇಕಾ?

ಕಾಡಿನದಾದರೆ ಬೇಕು, ಎರಡು ಮಾತಿಲ್ಲ. ಬೆತ್ತವಂತೂ ಸುಮ್ನೆ ಮುಟ್ಟಬೇಡಿ. ಸ್ವಂತ ಜಮೀನಿನ ಬಿದಿರಿನ ವಿಷಯ ಸ್ವಲ್ಪ ಬೇರೆ. ಕೇಂದ್ರದ 1927ರ ಅರಣ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು ಬಿದಿರನ್ನು ಮರದ ಪಟ್ಟಿಯಿಂದ ಕೈಬಿಟ್ಟರು. ಆದರೆ ನಮ್ಮ ರಾಜ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅಂತ ಬೇರೆಯೇ ಇದೆ. ಹಾಗಾಗಿ ಲಾರಿಗೋ ಟ್ರ್ಯಾಕ್ಟರಿಗೋ ಹೇರುವ ಮೊದಲು ವಲಯ ಅರಣ್ಯ ಕಚೇರಿಗೆ ಹೋಗಿ ಕೇಳಿ, ಪಹಣಿ ಜೊತೆಗಿರಲಿ. ತೋಟಕ್ಕೆಂದು ಬಿಟ್ಟ ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕಿದೆ ಅಂದ ಮಾತ್ರಕ್ಕೆ ಗಳ ಕಡಿಯುವ ಹಕ್ಕಿದೆ ಅಂತ ಅಲ್ಲ.

ಅಡಿಕೆ ಸಿಪ್ಪೆ ರಾಶಿ ಬಿದ್ದಿದೆ. ಕಟ್ಟಡಕ್ಕೆ ಬರುತ್ತಾ?

ಬರುತ್ತದೆ, ಆದರೆ ಹಗ್ಗಕ್ಕಲ್ಲ. ಅಡಿಕೆ ಸಿಪ್ಪೆಯ ನಾರು ಗಿಡ್ಡ, ತೆಂಗಿನ ನಾರಿನಷ್ಟು ಹೊಸೆಯಲು ಬರುವುದಿಲ್ಲ. ಮಣ್ಣಿಗೆ ಬೆರೆಸಲು ಒಳ್ಳೆಯದು. ಮಣ್ಣಿನ ಗಿಲಾಯಿ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ, ನಾರು ಆ ಬಿರುಕನ್ನು ಹಿಡಿದು ಹಂಚುತ್ತದೆ, ಒಂದು ದೊಡ್ಡ ಬಿರುಕಿನ ಬದಲು ಕಣ್ಣಿಗೆ ಕಾಣದ ನೂರು ಸಣ್ಣವು. ಬತ್ತದ ಹುಲ್ಲನ್ನು ಹಿಂದಿನವರು ಬೆರೆಸುತ್ತಿದ್ದದ್ದು ಇದಕ್ಕೇ. ಸಿಪ್ಪೆಯನ್ನು ಒಂದು ಮಳೆಗಾಲ ಕೊಳೆಯಲು ಬಿಟ್ಟು, ಬಡಿದು ನಾರು ಬಿಡಿಸಿ, ಒಣಗಿಸಿ ಮಣ್ಣಿಗೆ ಹಾಕಿ. ಬಿದಿರು ತಟ್ಟಿಯ ಎರಡೂ ಬದಿಗೆ ಈ ಮಣ್ಣು ಮೆತ್ತಿ ಸಗಣಿ ಸಾರಿಸಿದರೆ ತೆಳುವಾದ, ತಂಪಾದ ಗೋಡೆ. ರಸ್ತೆ ಬದಿ ಸಿಪ್ಪೆಗೆ ಬೆಂಕಿ ಹಾಕಿ ಊರಿಗೆಲ್ಲ ಹೊಗೆ ಕುಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ಪ್ರತಿ ವರ್ಷ ಬಿಚ್ಚಿ ಕಟ್ಟೋದು ದಂಡ ಅಲ್ವಾ?

ಕೂಲಿ ಲೆಕ್ಕ ಹಾಕಿದರೆ ಹೌದು ಅನಿಸುತ್ತದೆ. ಸಾಮಾನು ತೋಟದ್ದೇ ಆದರೆ ಖರ್ಚೆಲ್ಲ ಕೂಲಿಯೇ, ಕೂಲಿಗೆ ಜನ ಸಿಗುವುದೂ ಕಷ್ಟ. ಇದನ್ನು ಮುಚ್ಚಿಡುವುದಿಲ್ಲ. ವರ್ಷವಿಡೀ ಬೇಕಾದ ಕೊಟ್ಟಿಗೆಗೆ, ಮನೆಗೆ ಹೆಂಚೋ ಶೀಟೋ ಹಾಕಿಸಿ ಅಂತ ನಾವೇ ಹೇಳುತ್ತೇವೆ.

ಆದರೆ ವರ್ಷಕ್ಕೆ ಮೂರು ನಾಲ್ಕು ತಿಂಗಳು ಬೇಕಾಗುವ ನೆರಳಿಗೆ ಲೆಕ್ಕ ತಿರುಗುತ್ತದೆ. ಹಳೆ ಸೋಗೆ ಹೇಗಿದ್ದರೂ ತೋಟಕ್ಕೆ ಹೋಗಬೇಕಾದದ್ದೇ, ನಡುವೆ ಒಂದು ಬೇಸಿಗೆ ನಿಮ್ಮ ತಲೆ ಮೇಲೆ ಇದ್ದು ಹೋಗುತ್ತದೆ. ಇನ್ನೊಂದು ಸಂಗತಿ, ವರ್ಷವರ್ಷ ಕಟ್ಟುವುದರಿಂದಲೇ ಕೆಲಸ ಗೊತ್ತಿರುವ ಕೈಗಳು ಉಳಿಯುತ್ತವೆ. ಪೆರು ದೇಶದ ಅಪುರಿಮಾಕ್ ನದಿಯ ಮೇಲೆ ಕೇಸ್ವಾಚಾಕಾ ಅಂತ ಹುಲ್ಲಿನ ಹಗ್ಗದ ಸೇತುವೆ ಇದೆ. ಸುತ್ತಲಿನ ಊರಿನವರು ಪ್ರತಿ ಜೂನ್‌ನಲ್ಲಿ ಒಟ್ಟಿಗೆ ಸೇರಿ ಹೊಸದಾಗಿ ಹೊಸೆದು ಕಟ್ಟುತ್ತಾರೆ. 2013ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿದ್ದು ಸೇತುವೆಯನ್ನಲ್ಲ, ಅದನ್ನು ಕಟ್ಟುವ ವಿದ್ಯೆಯನ್ನು, ಆ ಕಟ್ಟುವ ಹಬ್ಬವನ್ನು. ನಮ್ಮಲ್ಲಿ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ಬಂದು ದುಡಿಯುವ ಮುಯ್ಯಾಳು ಪದ್ಧತಿ ಇದ್ದಾಗ ಸೋಗೆ ಹೊದಿಸುವುದೂ ಒಂದು ಹಬ್ಬವೇ ಆಗಿತ್ತು, ಕೊನೆಗೆ ಪಾಯಸ ಗ್ಯಾರಂಟಿ.

ರೆಸಾರ್ಟಿಗೆ ಕಾಂಕ್ರೀಟ್ ಮಾಡಿನ ಮೇಲೆ ಸೋಗೆ ಹೊದಿಸಿ ಕೊಡ್ತೀರಾ?

ಇಲ್ಲ. ಒಬ್ಬರು ಒತ್ತಾಯ ಮಾಡಿ ಬೇರೆಯವರ ಹತ್ತಿರ ಮಾಡಿಸಿಕೊಂಡರು. ಸಪಾಟು ಸ್ಲ್ಯಾಬಿನ ಮೇಲೆ ಸೋಗೆ ಒಣಗುವುದೇ ಇಲ್ಲ. ಮೊದಲ ಮಳೆಗಾಲಕ್ಕೇ ಅಣಬೆ ಎದ್ದಿತ್ತು.

ಈ ಕೆಲಸ ಯಾರ ಹತ್ತಿರ ಕಲಿಯೋದು?

ಹೆಣಿಗೆಗೆ ಮೇದಾರರೇ ಗುರುಗಳು. ಪೇಟೆಯ ಮೇದಾರ ಕೇರಿಗೆ ಹೋಗಿ ಒಂದು ದಿನ ಸುಮ್ನೆ ಕೂತು ನೋಡಿ. ಚೌಕಾಸಿ ಮಾಡಿ ಒಂದು ಮೊರ ಕೊಂಡು ಆಮೇಲೆ 'ಕಲಿಸ್ತೀರಾ' ಅಂದರೆ ಯಾರು ಕಲಿಸುತ್ತಾರೆ? ದಿನದ ಕೂಲಿ ಕೊಟ್ಟು ಕೇಳಿ. ಕತ್ತಿಯನ್ನು ಕದಲಿಸದೆ ಬಿದಿರನ್ನೇ ಎದುರಿಗೆ ತಳ್ಳಿ ಸೀಳು ತೆಗೆಯುವುದನ್ನು ನೋಡಲಿಕ್ಕೇ ಹೋಗಬೇಕು. ಸೋಗೆ, ದಬ್ಬೆ ಕೆಲಸಕ್ಕೆ ಊರಲ್ಲಿ ಅಡಿಕೆ ಗೊನೆ ಕೊಯ್ಯುವ ಹಿರಿಯರು, ಕೊಟ್ಟಿಗೆ ಕಟ್ಟಿದ ಅಜ್ಜಂದಿರು ಒಬ್ಬರಾದರೂ ಇರುತ್ತಾರೆ. ಅವರ ಮಾತು ಕಡಿಮೆ, ಕೈ ನೋಡಿ.

ಮೊದಲ ಸಲ ಕಟ್ಟುವವರು ಏನು ಕಟ್ಟಬೇಕು?

ಮನೆ ಬೇಡ, ಗುಡಿಸಲೂ ಬೇಡ. ಬಚ್ಚಲಿನ ಹೊರಗೆ ಸೌದೆಗೆ ಒಂದು ಒತ್ತು ಮಾಡು ಕಟ್ಟಿ. 8 ಅಡಿ ಉದ್ದ, 5 ಅಡಿ ಅಗಲ, ಒಂದೇ ಇಳಿಜಾರು. ಮುಂದೆ ಎರಡು ಕಂಬ, ಹಿಂದೆ ಗೋಡೆ ಪಕ್ಕ ಎರಡು ಕಂಬ. ಗೋಡೆಗೆ ತಾಗಿಸಬೇಡಿ, ಒಂದು ಗೇಣು ಬಿಡಿ, ಇಲ್ಲದಿದ್ದರೆ ಗೆದ್ದಲಿಗೆ ಮನೆಯೊಳಗೆ ದಾರಿ ಮಾಡಿಕೊಟ್ಟಂತೆ. ಹಿಂದಿನ ಕಂಬ ಮುಂದಿನದಕ್ಕಿಂತ 5 ಅಡಿ ಎತ್ತರ ಇರಲಿ. ಗೋಡೆ ಅಷ್ಟು ಎತ್ತರ ಇಲ್ಲದಿದ್ದರೆ ಮಾಡಿನ ಅಗಲ ಕಮ್ಮಿ ಮಾಡಿಕೊಳ್ಳಿ, ಇಳಿಜಾರು ಮಾತ್ರ ಕಮ್ಮಿ ಮಾಡಬೇಡಿ. ಗೋಡೆಯ ಸಂದಿಗೆ ನೀರು ಬೀಳದಿರಲು ನಿಮ್ಮ ಮನೆಯ ಹೆಂಚಿನ ಸೂರು ಅದರ ಮೇಲೆ ಚಾಚಿರಬೇಕು. ಬಿದಿರು ಜನವರಿಯಲ್ಲಿ ಕಡಿಸಿ ಹಳ್ಳಕ್ಕೆ ಹಾಕಿ. ಸೋಗೆ ಹೆಚ್ಚೇ ಒಟ್ಟಿಟ್ಟುಕೊಳ್ಳಿ, ಉಳಿದದ್ದು ಸೌದೆ ಕೆಳಗೆ ಹಾಸಲು ಆಗುತ್ತದೆ. ಜುಲೈನಲ್ಲಿ ಜಡಿಮಳೆ ಹಿಡಿದು ನಾಲ್ಕು ದಿನ ಆದ ಮೇಲೆ ನಡುವಿನಿಂದ ಒಂದು ಸೌದೆ ಎಳೆದು ಒಲೆಗೆ ಹಾಕಿ ನೋಡಿ. ಹೊಗೆ ಬಂದರೆ ಸೋಗೆ ಸಾಲು ತೆಳುವಾಗಿದೆ ಅಂತ, ಮಳೆ ಬಿಟ್ಟ ಹೊತ್ತಲ್ಲಿ ನೆತ್ತಿಯಿಂದ ಶುರು ಮಾಡಿ ಇನ್ನೊಂದು ಸಾಲು ಸಿಕ್ಕಿಸಿ.